ಒಂದು ಕಿಕ್ಕರ್ ಲಿವರಿನ ಬಗ್ಗೆ ವಿವರಣೆ

ಕಳೆದ ತಿಂಗಳು ಕಚೇರಿಯ ಸಹೋದ್ಯೋಗಿಗಳೊಂದಿಗೆ ಸಾಣಾಪುರದ ಕೆರೆಗೆ ಹೋಗಿದ್ದ ಸಂದರ್ಭದಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಈ ಬರಹಕ್ಕೆ ಕಾರಣವೆಂದು ಮೊದಲಿಗೆ ನಿವೇದಿಸಿಕೊಳ್ಳುತ್ತೇನೆ. ಎಲ್ಲರೂ ಕೆರೆಯ ಏರಿಯ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದಾಗ ಹಳೆಯ ಮೋಟಾರ್ ಸೈಕಲ್ಲೊಂದು ನಮ್ಮನ್ನು ದಾಟಿ ಆನೆಗುಂದಿಯ ಕಡೆಗೆ ಹೋಯಿತು. ಗಾಡಿ ಮರೆಯಾದರೂ ಅದರ ಹೊಗೆ ಬಂಡೆಗಳ ನಡುವೆ ಸ್ವಲ್ಪ ಹೊತ್ತು ನಿಂತಿತ್ತು. ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಿ ಓಡಿಸುವ ಗಾಡಿಗಳ ಹೊಗೆ ಅದು, ನೀಲಿ ಬಣ್ಣದ್ದು, ತುಸು ಸಿಹಿ ವಾಸನೆಯದ್ದು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಆರು ವರ್ಷಗಳ ಹಿಂದೆ ಗಂಗಾವತಿಯಲ್ಲಿ ಕಳೆದ ಐದಾರು ತಿಂಗಳು, ಆ ಅವಧಿಯಲ್ಲಿ ನನ್ನಿಂದಾದ ಒಂದು ತಪ್ಪು, ಎರಡೂ ಒಟ್ಟಿಗೆ ಎದುರು ಬಂದು ನಿಂತವು. ಕಚೇರಿಯ ಪತ್ರಗಳನ್ನು ಬಿಟ್ಟು ನಾನು ಇದುವರೆಗೆ ಬೇರೇನನ್ನೂ ಬರೆದವನಲ್ಲ. ವಾಕ್ಯಗಳು ಎಲ್ಲಿಯಾದರೂ ಸುತ್ತೋಲೆಯಂತೆ ಕಂಡಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಆ ವರ್ಷದ ಡಿಸೆಂಬರಿನಲ್ಲಿ ನನಗೆ ಗಂಗಾವತಿಗೆ ವರ್ಗವಾಯಿತು. ನಾನು ಪ್ರಥಮ ದರ್ಜೆ ಸಹಾಯಕ, ಅವಿವಾಹಿತ, ವಯಸ್ಸು ಆಗ ನಲವತ್ನಾಲ್ಕು. ಅಕ್ಕಿ ಗಿರಣಿಯೊಂದರ ಹಿಂಭಾಗದಲ್ಲಿ ಒಂದು ಕೋಣೆ ಬಾಡಿಗೆಗೆ ದೊರೆಯಿತು. ಗಿರಣಿಯ ಬಾಯ್ಲರಿಗೆ ಹಾಕಿದ ಭತ್ತದ ಹೊಟ್ಟು ಸುಟ್ಟು ಕರಿ ಬೂದಿಯಾಗಿ ಹಾರಿ ಬರುತ್ತಿತ್ತು. ಒಗೆದು ಹಾಕಿದ ಬಿಳಿ ಅಂಗಿ ಒಣಗುವುದರೊಳಗೆ ಅದರ ಹೆಗಲ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಊಟ ಖಾನಾವಳಿಯಲ್ಲಿ. ಕಚೇರಿಯಲ್ಲಿ ಎಲ್ಲರೂ ಗೌರವದಿಂದಲೇ ಮಾತನಾಡುತ್ತಿದ್ದರು, ಆದರೆ ಆ ಮಾತುಗಳೆಲ್ಲ ಕಡತಗಳಿಗೆ ಸಂಬಂಧಪಟ್ಟವು. ಶನಿವಾರ ಸಂಜೆ ಕಚೇರಿಯ ಬಾಗಿಲು ಮುಚ್ಚಿದ ಮೇಲೆ ಸೋಮವಾರದವರೆಗೆ ನನ್ನೊಡನೆ ಮಾತನಾಡುವವರು ಯಾರೂ ಇರಲಿಲ್ಲ. ಒಂದು ಸೋಮವಾರ ಮೇಲಧಿಕಾರಿಗಳು ಏನನ್ನೋ ಕೇಳಿದಾಗ ನನ್ನ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ನೆಗಡಿ ಎಂದು ಹೇಳಿದೆ. ನೆಗಡಿ ಇರಲಿಲ್ಲ.

ಸಂಕ್ರಾಂತಿಗೆ ಯಲಬುರ್ಗಾದಲ್ಲಿರುವ ನಮ್ಮ ಅಣ್ಣನ ಮನೆಗೆ ಹೋದಾಗ, ದನದ ಕೊಟ್ಟಿಗೆಯಲ್ಲಿ ನಮ್ಮ ತಂದೆಯವರ ಮೋಟಾರ್ ಸೈಕಲ್ ಕಂಡಿತು. ತಂದೆಯವರು ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರು. ಸದರಿ ಗಾಡಿಯ ಮೇಲೆ ಹಳ್ಳಿಹಳ್ಳಿಗೆ ಹೋಗಿ ದನಗಳಿಗೆ ಸೂಜಿ ಮಾಡಿ ಬರುತ್ತಿದ್ದರು. ಎರಡು ಸೈಲೆನ್ಸರಿನ ಗಾಡಿ, ಮೈಸೂರಿನಲ್ಲಿ ತಯಾರಾದದ್ದು. ಅವರು ತೀರಿಕೊಳ್ಳುವುದಕ್ಕೂ ಮೊದಲೇ ಓಡಿಸುವುದನ್ನು ಬಿಟ್ಟಿದ್ದರು. ಇಪ್ಪತ್ತು ವರ್ಷಗಳಿಂದ ಅದರ ಮೇಲೆ ಹಿಂಡಿ ಚೀಲಗಳಿದ್ದವು.

"ನಿನಗ ಬೇಕಾದ್ರ ಒಯ್ಯಪಾ. ಇಲ್ಲಾಂದ್ರ ಗುಜರಿಯವ ದಿನಾ ಕೇಳಾಕತ್ಯಾನ" ಎಂದು ಅಣ್ಣ ಹೇಳಿದ.

ನನಗೆ ಗಾಡಿಯ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಆದರೂ ಟಂಟಂ ಆಟೊದಲ್ಲಿ ಹೇರಿಸಿಕೊಂಡು ಗಂಗಾವತಿಗೆ ತಂದೆ. ಮಾಡಲು ಏನಾದರೊಂದು ಇರಲೆಂಬುದೇ ಕಾರಣವಾಗಿತ್ತೆಂದು ಈಗ ತೋರುತ್ತದೆ.

ಹಳೆಯ ಗಾಡಿಗಳ ಕೆಲಸ ಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿದ್ದರು. ಖಾಜಾಹುಸೇನ್ ಮೇಸ್ತ್ರಿ, ಅರವತ್ತೆಂಟು ವರ್ಷ, ಬಿಳಿ ಗಡ್ಡದ ತುದಿಗೆ ಯಾವಾಗಲೂ ಗ್ರೀಸಿನ ಒಂದು ಚುಕ್ಕೆ. ಕಾಲುವೆಗೆ ಹೋಗುವ ರಸ್ತೆಯಲ್ಲಿ ಅವರ ತಗಡಿನ ಅಂಗಡಿ, ಅದರ ಹಿಂದೆಯೇ ಮನೆ. ಅವರು ಗಾಡಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಸವರಿದರು. ಇಂಜಿನ್ನಿಗೆ ಬೆರಳಿನಿಂದ ಬಡಿದು ಕಿವಿ ಕೊಟ್ಟರು.

"ಚಾಲೂ ಆಗ್ತೈತೇನ್ರಿ ಮೇಸ್ತ್ರಿ?"

"ಆಗ್ತೈತಿ. ಮನಷ್ಯಾನ್ನ ಇಪ್ಪತ್ತು ವರ್ಷ ಮಲಗಿಸಿದ್ರ ಏಳಾಂಗಿಲ್ಲ, ಗಾಡಿ ಏಳ್ತೈತಿ. ಆದ್ರ ಒಂದು ಮಾತು ಸಾಹೇಬ್ರ, ಇದು ನನ್ನ ಕಡೀ ಗಾಡಿ. ಇದು ಎದ್ದು ನಿಂತ ದಿನ ಅಂಗಡಿಗೆ ಕೀಲಿ ಹಾಕಿ ನಾನೂ ನಿಮ್ಮ ಚಾಚಿನೂ ರಾಯಚೂರಿಗೆ ಮಗಳ ಕಡಿ ಹೋಗ್ತೀವಿ."

"ನಡುವ ಬಿಟ್ಟು ಹೋಗಾಂಗಿಲ್ಲ ಹೌದಿಲ್ರಿ?"

"ಅರ್ಧಾ ಕೆಲಸ ಬಿಟ್ಟು ಹೋದ ಮನಷ್ಯಾ ಅಲ್ಲ ನಾ" ಎಂದು ಅವರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಅಂದಿನಿಂದ ನನ್ನ ಭಾನುವಾರಗಳು ಆ ತಗಡಿನ ಅಂಗಡಿಗೆ ಸೇರಿದವು. ಅವರು ಬಿಚ್ಚುವರು, ನಾನು ಸೀಮೆಎಣ್ಣೆಯಲ್ಲಿ ತೊಳೆಯುವೆನು. ಪಿಸ್ಟನ್ ಹಿಡಿದುಕೊಂಡಿತ್ತು; ಎಂಟು ದಿನ ಎಣ್ಣೆಯಲ್ಲಿ ನೆನೆಸಿದ ಮೇಲೆ ಒಂದು ಮಧ್ಯಾಹ್ನ ಟಕ್ ಎಂದು ಅಲುಗಿತು. ಚಾಚಿ, ಅಂದರೆ ಮೇಸ್ತ್ರಿಯ ಹೆಂಡತಿ, ಒಳಗಿನಿಂದ ಚಹಾ ಕಳುಹಿಸುತ್ತಿರಲಿಲ್ಲ, ತಾವೇ ತಂದು ಎದುರಿಗೆ ಕುಳಿತು, ನಾನು ಪೂರ್ತಿ ಕುಡಿಯುವವರೆಗೆ ಏಳುತ್ತಿರಲಿಲ್ಲ. "ಮದುವಿ ಯಾಕ ಮಾಡ್ಕೊಂಡಿಲ್ಲ?" ಎಂದು ಅವರು ಮೊದಲನೆಯ ದಿನವೇ ಕೇಳಿದರು. ಮೇಸ್ತ್ರಿ ಗದರಿದರು: "ಅರ್ಜಿ ಹಾಕ್ಯಾರಂತ, ಇನ್ನಾ ಸಾಂಕ್ಷನ್ ಆಗಿಲ್ಲಂತ. ನೀ ಒಳಗ ನಡಿ." ಮೂವರೂ ನಕ್ಕೆವು.

ನನ್ನ ಅಭ್ಯಾಸದ ಪ್ರಕಾರ ನಾನು ಸದರಿ ಕೆಲಸಕ್ಕೆ ಒಂದು ಕಡತವನ್ನು ತೆರೆದಿದ್ದೆ. ಪ್ರತಿಯೊಂದು ಬಿಡಿಭಾಗದ ಹೆಸರು, ಅದರ ಮುಂದೆ ಎರಡು ಕಾಲಂ: ಒರಿಜಿನಲ್, ಡೂಪ್ಲಿಕೇಟ್. ಇಂಜಿನ್, ಚಾಸಿ, ಕಾರ್ಬೊರೇಟರ್ ಮೊದಲನೆಯ ಕಾಲಮ್ಮಿಗೆ ಸೇರಿದವು. ಸೈಲೆನ್ಸರ್, ಮಡ್‌ಗಾರ್ಡ್, ಟ್ಯಾಂಕಿನ ಪಕ್ಕದ ರಬ್ಬರುಗಳು ಹೊಸದಾಗಿ ಹಳೆಯ ಅಚ್ಚಿನಲ್ಲಿ ಮಾಡಿದವು; ಉತ್ತರ ಭಾರತದ ಕಡೆಯಿಂದ ಪಾರ್ಸೆಲ್ಲಿನಲ್ಲಿ ಬಂದವು. ಮಡ್‌ಗಾರ್ಡ್ ಒಂದು ಬೆರಳಿನಷ್ಟು ಹೆಚ್ಚು ಉದ್ದವಿತ್ತು. ಆಕ್ಷೇಪಣೆ ಬರೆದು ಹಿಂದಿರುಗಿಸಿದೆ. ಬದಲಿ ಬರಲು ಮೂರು ವಾರ ಹಿಡಿಯಿತು.

"ಗಾಡಿಗೆ ಒರಿಜಿನಲ್, ಡೂಪ್ಲಿಕೇಟ್ ಗೊತ್ತಾಗಾಂಗಿಲ್ರಿ" ಎಂದು ಮೇಸ್ತ್ರಿ ನನ್ನ ಕಡತವನ್ನು ನೋಡಿ ನಗುತ್ತಿದ್ದರು. "ಅದಕ್ಕ ಕೂಡ್ತೋ ಇಲ್ಲೋ ಅಷ್ಟ ಗೊತ್ತು. ನೀವು ಆಫೀಸಿನ್ಯಾಗ ಫೈಲ್ ಮಲಗಿಸ್ದಂಗ ಇಲ್ಲಿ ಗಾಡಿ ಮಲಗಿಸಾಕತ್ತೀರಿ."

ಮಡ್‌ಗಾರ್ಡಿನ ಆಕ್ಷೇಪಣೆ ನಿಜವಾದದ್ದು. ಎಲ್ಲಿಂದ ನನ್ನ ಆಕ್ಷೇಪಣೆಗಳು ಸುಳ್ಳಾದವೆಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ. ಫೆಬ್ರುವರಿಯಲ್ಲಿ ಟ್ಯಾಂಕಿಗೆ ಬಣ್ಣ ಹೊಡೆದಾಯಿತು. ಅದರ ಅಂಚಿನ ಬಂಗಾರದ ಗೆರೆಗಳನ್ನು ಎಳೆಯುವ ಬದಲಿಗೆ ಊರಿನ ಪೇಂಟರುಗಳು ಸ್ಟಿಕ್ಕರ್ ಅಂಟಿಸೋಣವೆಂದರು. ಮೇಸ್ತ್ರಿ ಒಪ್ಪಲಿಲ್ಲ. ಒಂದು ಭಾನುವಾರ ನಾವಿಬ್ಬರೂ ಟ್ಯಾಂಕನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಕಿನ್ನಾಳಕ್ಕೆ ಹೊರಟೆವು. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು. ಮುಂದಿನ ಸೀಟಿನ ಮುದುಕಿ ತಿರುಗಿ ತಿರುಗಿ ನೋಡಿ ತಡೆಯಲಾರದೆ ಕೇಳಿದಳು: "ಏ ಯಪ್ಪಾ, ಕೂಸಿಗೆ ಉಸುರಾಡಾಕರ ಬಿಡ್ರಿ, ಪೂರಾ ಮುಚ್ಚೀರಲ್ಲ?"

"ಕೂಸಲ್ಲಬೇ, ಮುದುಕ" ಎಂದರು ಮೇಸ್ತ್ರಿ. "ಪೆಟ್ರೋಲ್ ಕುಡೀತಾನ."

ಇಡೀ ಬಸ್ಸು ನಕ್ಕಿತು. ಬಸ್ಸಿನಲ್ಲಿ ನನ್ನ ಕಾರಣಕ್ಕೆ ಜನ ನಕ್ಕದ್ದು, ಅದರಿಂದ ನನಗೆ ಸಂತೋಷವಾದದ್ದು, ಎರಡೂ ಅದೇ ಮೊದಲು.

ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಬರೆಯುವ ಚಿತ್ರಗಾರರೊಬ್ಬರು ಮೇಸ್ತ್ರಿಯ ಹಳೆಯ ಗಿರಾಕಿ. ಅವರ ಪಡಸಾಲೆಯಲ್ಲಿ ಬಣ್ಣ ಕಾಣದ ಗೌರಿಯರು ಸಾಲಾಗಿ ನಿಂತಿದ್ದರು. ಅಳಿಲಿನ ಕೂದಲಿನ ಕುಂಚವನ್ನು ಹಿಡಿದು, ಉಸಿರು ಕಟ್ಟಿ, ಟ್ಯಾಂಕಿನ ಒಂದು ಬದಿಯ ಗೆರೆಯನ್ನು ಒಂದೇ ಎಳೆತಕ್ಕೆ ಮುಗಿಸಿದರು. ಅದು ತಂದೆಯವರ ಹಳೆಯ ಫೋಟೊದಲ್ಲಿದ್ದ ಗೆರೆಯೇ ಆಗಿತ್ತು. ಎರಡನೆಯ ಬದಿಯೂ ಮುಗಿಯಿತು. ಮೇಸ್ತ್ರಿ ಟ್ಯಾಂಕನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ, "ಇನ್ನ ಲಿವರ್ ಒಂದ ಉಳೀತ್ರಿ ಸಾಹೇಬ್ರ. ಅದು ಸಿಕ್ರ ನಮ್ಮ ಕೆಲಸ ಖತಂ" ಎಂದರು.

ಆ ಮಾತು ಕೇಳಿ ನಾನು ಫೋಟೊವನ್ನು ತೆಗೆದು ಟ್ಯಾಂಕಿನ ಪಕ್ಕದಲ್ಲಿ ಹಿಡಿದು, "ಗೆರಿ ಒಂದು ಕೂದಲೆಳಿಯಷ್ಟು ದಪ್ಪ ಆಗೇತಿ ಅನಸ್ತೈತ್ರಿ" ಎಂದೆ.

ಚಿತ್ರಗಾರರು ನನ್ನನ್ನು ದಿಟ್ಟಿಸಿದರು. "ದೇವ್ರಿಗೆ ಕಣ್ಣು ಬರಿಯೋ ಕೈರೀ ಇದು."

"ಆದ್ರೂ."

ಅವರು ಎರಡೂ ಗೆರೆಗಳನ್ನು ಒರೆಸಿದರು. ಮುಂದಿನ ಭಾನುವಾರ ಮತ್ತೆ ಬರುವಂತೆ ತಿಳಿಸಿದರು. ನನಗೆ ಬೇಕಾದದ್ದು ಆ ಭಾನುವಾರವೇ.

ಲಿವರಿನ ವಿಷಯವನ್ನು ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯ. ಈ ಗಾಡಿಯಲ್ಲಿ ಗೇರಿಗೂ ಕಿಕ್ಕಿಗೂ ಇರುವುದು ಒಂದೇ ಲಿವರ್. ಮುಂದಕ್ಕಿದ್ದರೆ ಗೇರ್, ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ನೂಕಿ ಚಾಲೂ ಮಾಡೋಣವೆಂದರೂ ಗೇರ್ ಹಾಕುವುದಕ್ಕೆ ಅದೇ ಬೇಕು. ನಮ್ಮ ಗಾಡಿಯಲ್ಲಿ ಅದು ಇರಲಿಲ್ಲ. ಮಾರ್ಚಿನಲ್ಲಿ ಪಾರ್ಸೆಲ್ಲಿನಿಂದ ಬಂದ ಹೊಸ ಲಿವರಿನ ಒಳಹಲ್ಲುಗಳು ಮೂರನೆಯ ಕಿಕ್ಕಿಗೇ ಸವೆದು ಜಾರತೊಡಗಿದವು. ಇನ್ನೊಂದನ್ನು ತರಿಸಿದೆವು, ಅದೂ ಹಾಗೆಯೇ. ಒರಿಜಿನಲ್ಲೇ ಆಗಬೇಕೆಂದು ಮೇಸ್ತ್ರಿ ತೀರ್ಮಾನಿಸಿದರು.

ಯುಗಾದಿಗೆ ಯಲಬುರ್ಗಾಕ್ಕೆ ಹೋದಾಗ ತಂದೆಯವರ ಕಬ್ಬಿಣದ ಟ್ರಂಕನ್ನು ತೆರೆದೆ. ಸೂಜಿಗಳ ಡಬ್ಬಿಯ ಕೆಳಗೆ, ಪಶು ಆಸ್ಪತ್ರೆಯ ಹಳೆಯ ರಿಜಿಸ್ಟರಿನ ಹಾಳೆಯಲ್ಲಿ ಸುತ್ತಿಟ್ಟ ಲಿವರ್ ಇತ್ತು. ಗಾಡಿಯನ್ನು ಯಾರೂ ಒಯ್ಯದಿರಲೆಂದು ಅದನ್ನು ಬಿಚ್ಚಿ ಬೀಗದ ಕೈಯಂತೆ ಒಳಗಿಡುವುದು ತಂದೆಯವರ ರೂಢಿಯೆಂಬುದು ಆಗ ನೆನಪಿಗೆ ಬಂತು. ಎಣ್ಣೆ ಸವರಿ ಇಟ್ಟಿದ್ದರಿಂದ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಮೇಸ್ತ್ರಿಯ ಅಂಗಡಿಯನ್ನು ಮುಚ್ಚಿಸುವ ವಸ್ತು ನನ್ನ ಅಂಗೈಯಲ್ಲಿತ್ತು.

ನಾನು ಅದನ್ನು ಗಂಗಾವತಿಗೆ ತಂದು ಕಚೇರಿಯ ನನ್ನ ಮೇಜಿನ ಖಾನೆಯಲ್ಲಿ, ವಿಲೇವಾರಿಯಾದ ಕಡತಗಳ ಕೆಳಗೆ ಇಟ್ಟೆ. ಸರ್ಕಾರಿ ಕೆಲಸದಲ್ಲಿ ಒಬ್ಬರ ಬಳಿ ಬಾಕಿ ಇರುವವರೆಗೆ ಅವರನ್ನು ಕಾರ್ಯಮುಕ್ತಗೊಳಿಸುವುದಿಲ್ಲ. ಇಪ್ಪತ್ತು ವರ್ಷಗಳ ಸೇವೆಯಲ್ಲಿ ನಾನು ಕಲಿತ ನಿಯಮವದು. ಅದನ್ನೇ ಒಬ್ಬ ಮನುಷ್ಯನಿಗೆ ಅನ್ವಯಿಸಿದೆ. ಒಂದೆರಡು ತಿಂಗಳು ಮಾತ್ರ ಎಂದು ಮನಸ್ಸಿಗೆ ಹೇಳಿಕೊಂಡೆ.

ಏಪ್ರಿಲಿನ ಬಿಸಿಲು ಏರಿತು. ಎರಡನೆಯ ಬೆಳೆಯ ಭತ್ತ ಕಾಲುವೆಯ ಎರಡೂ ಕಡೆ ಹಳದಿಯಾಯಿತು. ಲಿವರನ್ನು ಹುಡುಕಿಕೊಂಡು ಮೇಸ್ತ್ರಿ ಕೊಪ್ಪಳಕ್ಕೆ ಹೋದರು, ಕುಷ್ಟಗಿಯ ಗುಜರಿಗಳಿಗೆ ಹೋದರು. ಪ್ರತಿ ಭಾನುವಾರ ನನಗೆ ಅದರ ವರದಿ. "ಒಂದು ಸಿಕ್ಕಿತ್ರಿ, ಅರ್ಧಾ ಮುರದಿತ್ತು." ನಾನು ತಲೆ ತಗ್ಗಿಸಿಕೊಂಡು ಚಹಾ ಕುಡಿಯುತ್ತಿದ್ದೆ.

ಏಪ್ರಿಲ್ ಕೊನೆಯ ಭಾನುವಾರ ಅಂಗಡಿಯ ಬಾಗಿಲು ಹಾಕಿತ್ತು. ಹಿಂದಿನ ಮನೆಗೆ ಹೋದೆ. ಚಾಚಿ ಹೊಸಿಲಿನ ಮೇಲೆ ಕುಳಿತಿದ್ದರು.

"ಹುಬ್ಬಳ್ಳಿಗೆ ಹೋಗ್ಯಾರಪ್ಪಾ, ನಿನ್ನ ಲಿವರ್ ಹುಡುಕಾಕ."

"ಈ ಬಿಸಲಾಗ?"

"ನಾ ಹೇಳಿದ್ರ ಕೇಳ್ತಾರೇನು? ಎರಡೂ ಕಣ್ಣಿಗೆ ಪೊರಿ ಬಂದೈತಿ. ರಾಯಚೂರಿನ್ಯಾಗ ಮಗಳು ಡಾಕ್ಟರ್ ಕಡಿಂದ ಎರಡು ಸಲ ಆಪರೇಷನ್ ತಾರೀಖು ತಗೊಂಡ್ಳು. ಎರಡೂ ಸಲ ಸಾಹೇಬ್ರ ಗಾಡಿ ಉಳದೈತಿ ಅಂತ ಬಿಟ್ಟಾರ. ಎಡಗಣ್ಣು ತಡಾ ಮಾಡಬ್ಯಾಡ್ರಿ ಅಂದಿದ್ನಂತ ಡಾಕ್ಟರ್." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನೀನರ ಹೇಳಪ್ಪಾ. ನಿನ್ನ ಮಾತು ಕೇಳ್ತಾರ."

ಅವರು ವಸ್ತುಗಳನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಿದ್ದುದನ್ನು, ಸವರಿ ನೋಡುತ್ತಿದ್ದುದನ್ನು ನಾನು ಮೂರು ತಿಂಗಳಿನಿಂದ ಕಂಡಿದ್ದೆ. ಅದು ಕಸುಬಿನ ಕೈ ಎಂದು ತಿಳಿದಿದ್ದೆ.

ಸೋಮವಾರ ಬೆಳಿಗ್ಗೆ ಖಾನೆಯಿಂದ ಲಿವರನ್ನು ತೆಗೆದು ಹೆಗಲ ಚೀಲಕ್ಕೆ ಹಾಕಿದೆ. ಸಂಜೆ ಕಚೇರಿ ಬಿಟ್ಟೊಡನೆ ಅಂಗಡಿಗೆ ಹೋದೆ. ಮೇಸ್ತ್ರಿ ಹುಬ್ಬಳ್ಳಿಯಿಂದ ಬಂದಿದ್ದರು. ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಹುರುಪಿತ್ತು.

"ಸಾಹೇಬ್ರ, ಹುಡುಕೂದು ಬಂದ್. ನಾನ ಮಾಡ್ತೀನಿ. ಟ್ರ್ಯಾಕ್ಟರಿನ ಮುರುಕು ಆಕ್ಸಲ್ ಸಿಕ್ಕೈತಿ, ಅಂಥ ಉಕ್ಕು ಈಗ ಎಲ್ಲಿ ಐತ್ರಿ? ಕಮ್ಮಾರ ಬಾಗಿಸಿ ಕೊಡ್ತಾನ. ಒಳಗಿನ ಹಲ್ಲು ಮಾತ್ರ ನಾನ ತಿಕ್ಕಬೇಕು."

"ಮೇಸ್ತ್ರಿ, ನಿಮ್ಮ ಕಣ್ಣು..."

"ಹಲ್ಲಿಗೆ ಕಣ್ಯಾಕ್ರಿ? ಉಗುರು ಸಾಕು."

ಚೀಲದ ಬಾಯಿಗೆ ಹೋದ ನನ್ನ ಕೈ ಅಲ್ಲಿಯೇ ನಿಂತಿತು. ಈಗ ಕೊಟ್ಟರೆ ಅವರ ಹುರುಪನ್ನು ಕೊಂದಂತಾಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಬರೆದುಕೊಂಡೆ. ಅದು ಕಾರಣವಾಗಿರಲಿಲ್ಲ. ಕೊಡುವ ಧೈರ್ಯ ಇರಲಿಲ್ಲ, ಅಷ್ಟೆ. ಚೀಲ ಹೆಗಲಿಗೇರಿತು. ಮುಂದಿನ ನಾಲ್ಕು ವಾರ ಆ ಲಿವರ್ ನನ್ನೊಂದಿಗೆ ಮನೆಗೂ ಕಚೇರಿಗೂ ಓಡಾಡಿತು. ಅವರು ಸಣ್ಣ ಅರವನ್ನು ಹಿಡಿದು ಒಂದೊಂದೇ ಹಲ್ಲನ್ನು ತಿಕ್ಕಿ, ಉಗುರು ಆಡಿಸಿ ನೋಡಿ, ಮತ್ತೆ ತಿಕ್ಕುತ್ತಿದ್ದರು. ಒಮ್ಮೆ ಅರ ಜಾರಿ ಹೆಬ್ಬೆರಳು ಸೀಳಿತು. ಬಟ್ಟೆ ಕಟ್ಟಿದವನು ನಾನೇ.

ಮೇ ತಿಂಗಳ ಕೊನೆಯ ಭಾನುವಾರ ಅವರು ಹಳೆಯ ಬನಿಯನ್ನಿನ ಚೂರಿನಲ್ಲಿ ಸುತ್ತಿದ ಲಿವರನ್ನು ನನ್ನ ಕೈಗಿಟ್ಟರು.

"ಪಂಚನಾಮೆ ಮಾಡ್ರಿ ಸಾಹೇಬ್ರ. ಇದನ್ನ ಯಾವ ಕಾಲಮ್ಮಿನ್ಯಾಗ ಬರೀತೀರಿ?"

ನಾನು ಅದನ್ನು ಅವರ ಕೈಗೇ ಮರಳಿ ಕೊಟ್ಟೆ. ಅವರೇ ಅದನ್ನು ಕೂರಿಸಿ ಬೋಲ್ಟ್ ಬಿಗಿದರು. ಮೊದಲ ಕಿಕ್ಕು ಮಾಲೀಕನೇ ಹೊಡೆಯಬೇಕು, ಹಿಂದಿನ ಸೀಟಿನಲ್ಲಿ ಮೇಸ್ತ್ರಿ ಕುಳಿತು ಕಾಲುವೆಯ ತೂಬಿನವರೆಗೆ ಮಾತನಾಡದೆ ಇಂಜಿನ್ ಕೇಳಬೇಕು. ಅದು ಅವರ ಅಂಗಡಿಯ ಪದ್ಧತಿ. ನಾಲ್ಕನೆಯ ಕಿಕ್ಕಿಗೆ ಗಾಡಿ ಎದ್ದಿತು. ನೀಲಿ ಹೊಗೆ ತಗಡಿನ ಕೆಳಗೆಲ್ಲ ತುಂಬಿತು. ಚಾಚಿ ಬಾಗಿಲಿಗೆ ಬಂದು, ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಗುತ್ತಿದ್ದರು. ಲಿವರ್ ಎಳ್ಳಷ್ಟೂ ಜಾರಲಿಲ್ಲ.

ಕಾಲುವೆಯ ರಸ್ತೆಯಲ್ಲಿ ಅರ್ಧ ಭಾಗಕ್ಕೆ ಭತ್ತ ಒಣಹಾಕಿದ್ದರು. ಉಳಿದ ಅರ್ಧದಲ್ಲಿ ನಿಧಾನವಾಗಿ ಹೋದೆವು. ಕನ್ನಡಿಯಲ್ಲಿ ಮೇಸ್ತ್ರಿಯ ಮುಖ ಕಾಣುತ್ತಿತ್ತು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತೂಬಿನ ಹತ್ತಿರ ಹೆಗಲು ತಟ್ಟಿದರು. ಗಾಡಿ ನಿಲ್ಲಿಸಿ ಕಟ್ಟೆಯ ಮೇಲೆ ಕುಳಿತೆವು.

"ನಿಮ್ಮಪ್ಪಾರು ಇದ್ದಿದ್ರ ಖುಷಿ ಪಡ್ತಿದ್ರು. ಬುಧವಾರ ರಾಯಚೂರು ಬಸ್ ಹಿಡಿತೀವಿ ನಾವು" ಎಂದರು.

ಆಗ ನಾನು ಚೀಲವನ್ನು ತೆರೆದು ತಂದೆಯವರ ಲಿವರನ್ನು ಅವರ ಅಂಗೈಯಲ್ಲಿಟ್ಟೆ. ಏಕೆ ಆಗಲೇ ಕೊಟ್ಟೆನೆಂದು ಕೇಳಿದರೆ ಹೇಳಲಾರೆ. ಮುಚ್ಚಿಟ್ಟುಕೊಂಡಿದ್ದರೆ ಅವರಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ನನ್ನಿಂದ ಅಷ್ಟು ಸಂತೋಷವಾಗಿ ಬೀಳ್ಕೊಳ್ಳುವುದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

ಅವರು ಒಳಹಲ್ಲಿನ ಮೇಲೆ ಉಗುರು ಆಡಿಸಿದರು. ಸುತ್ತ ಒಂದು ಸಲ, ಮತ್ತೊಂದು ಸಲ.

"ಒರಿಜಿನಲ್."

"ಹೌದ್ರಿ."

"ಯಾವಾಗ ಸಿಕ್ತು?"

"ಯುಗಾದಿಗೆ."

ಅವರು ನೀರಿನ ಕಡೆ ತಿರುಗಿದರು. ಬಟ್ಟೆ ಬಿಚ್ಚಿದ ಹೆಬ್ಬೆರಳಿನ ಮೇಲೆ ಗಾಯದ ಗೆರೆ ಇನ್ನೂ ಕೆಂಪಾಗಿತ್ತು.

"ಯಾಕ್ರಿ?"

ಇಪ್ಪತ್ತು ವರ್ಷ ಯಾವ ಪತ್ರಕ್ಕೂ ಉತ್ತರ ಬರೆಯಲು ತಡವರಿಸಿದವನಲ್ಲ ನಾನು. "ಗಾಡಿ ಮುಗುದ್ರ ನೀವು ಹೋಗಿಬಿಡ್ತೀರಿ ಅಂತ" ಎಂದೆ. "ನನಗ ಇಲ್ಲಿ ಬ್ಯಾರೆ ಯಾರೂ ಇಲ್ರಿ."

ಅವರು ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ಹಂಗ ಹೇಳಿದ್ರ ನಾನ ಕೂಡ್ತಿದ್ದೆ ಸಾಹೇಬ್ರ. ಕಣ್ಣು ಮಾಡಿಸ್ಕೊಂಡು ಬಂದು ಇಲ್ಲೇ ಕೂಡ್ತಿದ್ದೆ. ನೀವು ಹೇಳದ ಕೂಡಿಸಿದ್ರಿ."

ಲಿವರನ್ನು ನನಗೆ ಹಿಂದಿರುಗಿಸಿ ಎದ್ದರು. ಗಾಡಿಯ ಮೇಲೆ ಕೂಡಿರೆಂದು ಕೇಳಿಕೊಂಡೆ. "ಬ್ಯಾಡ್ರಿ, ನಡಕೊಂತ ಹೋಗ್ತೀನಿ" ಎಂದು ಹೊರಟರು.

ಮುಂದಿನದನ್ನು ಇಲ್ಲಿಯೇ ದಾಖಲಿಸುತ್ತೇನೆ. ಬುಧವಾರ ಅವರು ಹೋದರು. ನಾನು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಬಲಗಣ್ಣು ಚೆನ್ನಾಗಿ ಕಾಣುತ್ತಿದೆಯೆಂದೂ, ಎಡಗಣ್ಣು ಅಷ್ಟಕ್ಕಷ್ಟೇ ಎಂದೂ ಬಹಳ ದಿನಗಳ ಮೇಲೆ ಬೇರೆಯವರಿಂದ ತಿಳಿಯಿತು. ತಡವಾದದ್ದೇ ಅದಕ್ಕೆ ಕಾರಣವೋ ಅಲ್ಲವೋ ಎಂದು ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.

ಆ ಭಾನುವಾರ ಕಾಲುವೆಯ ರಸ್ತೆಯಲ್ಲಿ ಅವರು ಮುಂದೆ ನಡೆದರು. ಗಾಡಿ ಚಾಲೂ ಮಾಡಿದರೆ ಅವರನ್ನು ದಾಟಿ ಹೋಗಬೇಕಾಗುತ್ತದೆ. ಆದ್ದರಿಂದ ನಾನು ಅದನ್ನು ನೂಕಿಕೊಂಡು ಹತ್ತು ಹೆಜ್ಜೆ ಹಿಂದೆ ಬಂದೆ. ಬಿಸಿಲು ನೆತ್ತಿಗೆ ಬಂದಿತ್ತು. ಒಣಹಾಕಿದ ಭತ್ತವನ್ನು ಕಾಲಿನಿಂದ ತಿರುವುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಮ್ಮನ್ನೇ ನೋಡಿದರು. ಹೊಸದರಂತೆ ಹೊಳೆಯುವ ಗಾಡಿ ಇದ್ದೂ ಇಬ್ಬರು ನಡೆದು ಹೋಗುವುದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಭತ್ತದ ರಾಶಿಯ ತಿರುವಿನಲ್ಲಿ ಮೇಸ್ತ್ರಿ ನಿಂತರು. ಹಿಂದೆ ತಿರುಗಲಿಲ್ಲ.

"ಕ್ಲಚ್ ಹಿಡಕೊಂಡು ನೂಕಾಕತ್ತೀರೇನು?"

"ಹೂನ್ರಿ."

"ಹಂಗ ಮಾಡಬ್ಯಾಡ್ರಿ. ವೈರ್ ಹೊಸಾದೈತಿ, ಜಗ್ಗತೈತಿ. ನ್ಯೂಟ್ರಲ್ ಮಾಡಿ ನೂಕ್ರಿ."

ನಾನು ನಿಂತೆ. ಗಾಡಿಯನ್ನು ತುಸು ಹಿಂದಕ್ಕೂ ಮುಂದಕ್ಕೂ ಆಡಿಸಿ, ಅವರು ಮಾಡಿದ ಲಿವರನ್ನು ಪಾದದಿಂದ ಮೆಲ್ಲಗೆ ಒತ್ತಿದೆ. ಟಕ್ ಎಂದು ನ್ಯೂಟ್ರಲ್ಲಿಗೆ ಬಿತ್ತು. ಆ ಸಪ್ಪಳ ಕೇಳಿಸುವವರೆಗೆ ಅವರು ನಿಂತಿದ್ದರು. ಕೇಳಿಸಿದ ಮೇಲೆ ನಡೆದರು.